ಕ್ಯಾಮೆರಾ ಕೊಳ್ಳುವ ಮೊದಲು ಕೆಟ್ಟ ಚಿತ್ರಗಳನ್ನು ನೋಡಿ

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಹತ್ತಿರ ಬಂತೆಂದರೆ ಪುರವಣಿಗಳಲ್ಲಿ ‘ಈ ವರ್ಷ ಕೊಳ್ಳಬಹುದಾದ ವೃತ್ತಿಪರ ಕ್ಯಾಮೆರಾಗಳು’ ಎಂಬ ಪಟ್ಟಿ ಬರುವುದು ರೂಢಿ. ಅದೇ ಪುಟದ ಮೂಲೆಯಲ್ಲಿ ‘ಕ್ಯಾಮೆರಾ ಅಲ್ಲ, ಅದರ ಹಿಂದಿನ ಕಣ್ಣು ಮುಖ್ಯ’ ಎಂಬ ಮಾತೂ ಇರುತ್ತದೆ. ಪಟ್ಟಿ ಓದಿದವನು ಸಾಲ ಮಾಡುತ್ತಾನೆ, ಮಾತು ಓದಿದವನು ತಲೆದೂಗಿ ಪುಟ ತಿರುವುತ್ತಾನೆ. ಇಬ್ಬರ ಚಿತ್ರಗಳೂ ಮೊದಲಿದ್ದಂತೆಯೇ ಇರುತ್ತವೆ. ತಾಲ್ಲೂಕು ಕೇಂದ್ರದಲ್ಲಿ ಮದುವೆ ಫೋಟೊ ತೆಗೆಯುವ ಕಸುಬಿಗೆ ಇಳಿಯಬೇಕೆಂದು ಕಂತಿನ ಮೇಲೆ ಫುಲ್ ಫ್ರೇಮ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವಂಥದು) ಕೊಳ್ಳಲು ಹೊರಟ ಹುಡುಗ ಹುಡುಗಿಯರಿಗೆ ಬೇಕಾದದ್ದು ಇವೆರಡೂ ಅಲ್ಲ. ತನ್ನ ಚಿತ್ರ ಯಾಕೆ ಕೆಟ್ಟಿತು, ಅದರಲ್ಲಿ ಯಂತ್ರದ ಪಾಲೆಷ್ಟು, ಕೈಯ ಪಾಲೆಷ್ಟು ಎಂದು ಕಂಡುಕೊಳ್ಳುವ ದಾರಿ ಬೇಕು. ಪತ್ರ ತುಸು ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಬೆಲೆಯ ಭಾಗಕ್ಕೆ ಹಾಕಿ, ಬೆಳಕಿನ ಭಾಗ ಉಳಿಸಿ.

ಈಗಿರುವ ಕ್ಯಾಮೆರಾದಲ್ಲಿ ತೆಗೆದು, ಚೆನ್ನಾಗಿಲ್ಲವೆಂದು ಬದಿಗಿಟ್ಟ ನೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಶೇ 100ಕ್ಕೆ ಹಿಗ್ಗಿಸಿ ನೋಡಬೇಕು. ಕೆಟ್ಟ ಚಿತ್ರಗಳೆಲ್ಲ ಒಂದೇ ಬಗೆಯಲ್ಲಿ ಕೆಟ್ಟಿರುವುದಿಲ್ಲ. ಚೌಕಟ್ಟಿನಲ್ಲಿರುವುದೆಲ್ಲ, ಹಿಂದಿನ ಗೋಡೆ, ದೀಪದ ಚುಕ್ಕಿ ಕೂಡ, ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿಂದಿನ ಕಂಬ ಚೂಪಾಗಿದ್ದು ಕುಣಿಯುವವರ ಕೈ ಮಾತ್ರ ಕದಡಿದ್ದರೆ ಶಟರ್ ವೇಗ (ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ವೇಗ) ಸಾಲದು. ಮದುಮಗಳ ಕಿವಿಯೋಲೆ ಚೂಪಾಗಿ, ಕಣ್ಣು ಮಸುಕಾಗಿದ್ದರೆ ಫೋಕಸ್ ಬಿದ್ದ ಜಾಗ ತಪ್ಪು. ಎಲ್ಲೂ ಚೂಪಿಲ್ಲದೆ ಚಿತ್ರದ ಮೇಲೆ ಹಾಲು ಚೆಲ್ಲಿದಂಥ ಮಬ್ಬಿದ್ದರೆ ಲೆನ್ಸಿನ ಮುಂದಿನ ಗಾಜಿನಲ್ಲಿ ಬೆರಳಿನ ಜಿಡ್ಡಿದೆ, ಇಲ್ಲವೇ ಒಳಗೆ ಬೂಷ್ಟು ಹಿಡಿದಿದೆ. ನೆರಳಿನಲ್ಲಿ ಬಣ್ಣಬಣ್ಣದ ಮರಳು ಕಾಣಿಸಿದರೆ ಚಿತ್ರವನ್ನು ಕಪ್ಪಾಗಿ ತೆಗೆದು ಆಮೇಲೆ ಸಾಫ್ಟ್‌ವೇರಿನಲ್ಲಿ ಬೆಳಗಿಸಲಾಗಿದೆ, ಇಲ್ಲವೇ ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ) ತೀರ ಏರಿದೆ. ಇನ್ನೊಂದು ಗುಂಪು ಇರುತ್ತದೆ: ಚೂಪಾಗಿವೆ, ಬೆಳಕೂ ಸರಿ, ಆದರೆ ನೋಡಬೇಕೆನಿಸುವುದಿಲ್ಲ. ಕಲಿಯುವವರ ನೂರರಲ್ಲಿ ಹೆಚ್ಚಿನ ಪಾಲು ಸಾಮಾನ್ಯವಾಗಿ ಈ ಕೊನೆಯ ಗುಂಪಿನದು. ಯಾವ ಬೆಲೆಯ ಬಾಡಿಯೂ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅದನ್ನು ಮುಟ್ಟುವುದಿಲ್ಲ.

ಉಳಿದವಕ್ಕೆ ಮದ್ದು ಒಂದೊಂದಾಗಿ ಇದೆ. ಕೈ ಅಲುಗುವುದಕ್ಕೆ ಹಳೆಯ ಸೂತ್ರವೊಂದಿದೆ: ಲೆನ್ಸಿನ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಎಂಬುದರ ಎಂಎಂ ಅಳತೆ) ಎಷ್ಟೋ, ಶಟರ್ ವೇಗದ ಭಾಜಕ ಅದಕ್ಕಿಂತ ಕಡಿಮೆ ಇರಬಾರದು. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕದು) ಆದರೆ ಅದನ್ನು 1.5ರಿಂದ ಗುಣಿಸಬೇಕು. 55 ಎಂಎಂನಲ್ಲಿ 1/80 ಸೆಕೆಂಡು, 200 ಎಂಎಂನಲ್ಲಿ 1/300. ಲೆನ್ಸ್ ಅಥವಾ ಬಾಡಿಯಲ್ಲಿ ಸ್ಟೆಬಿಲೈಸೇಷನ್ ಇದ್ದರೆ ಇದಕ್ಕಿಂತ ನಿಧಾನಕ್ಕೆ ಹೋಗಬಹುದು. ಆದರೆ ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು ಮಾತ್ರ, ಎದುರಿನವರ ಓಡಾಟವನ್ನಲ್ಲ. ಈ ವ್ಯತ್ಯಾಸ ತಿಳಿಯದೆ ‘ಇದರಲ್ಲಿ ಸ್ಟೆಬಿಲೈಸೇಷನ್ ಚೆನ್ನಾಗಿದೆಯಂತೆ’ ಎಂದು ಮಕ್ಕಳ ಆಟದ ಚಿತ್ರಕ್ಕಾಗಿ ದುಬಾರಿ ಬಾಡಿ ಕೊಂಡವರು ಬೇಕಾದಷ್ಟಿದ್ದಾರೆ. ಓಡುವ ಮಗುವಿಗೆ 1/500 ಬೇಕು, ಹಾರುವ ಹಕ್ಕಿಗೆ 1/1600ರಿಂದ 1/2000. ಅಷ್ಟು ವೇಗಕ್ಕೆ ಬೇಕಾದ ಬೆಳಕನ್ನು ದೊಡ್ಡ ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಕೊಡಬೇಕು, ಇಲ್ಲವೇ ಐಎಸ್‌ಒ ಏರಿಸಿಕೊಳ್ಳಬೇಕು.

ಬಾಡಿ ಬದಲಿಸಬೇಕೋ ಲೆನ್ಸ್ ಬದಲಿಸಬೇಕೋ ಎಂಬ ಲೆಕ್ಕ ಇಲ್ಲೇ ಬರುತ್ತದೆ. ರಾತ್ರಿ ಬಯಲಾಟವನ್ನೇ ತೆಗೆದುಕೊಳ್ಳಿ. ರಂಗಸ್ಥಳದ ದೀಪದಲ್ಲಿ ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವಾಗ 1/320ಕ್ಕಿಂತ ಕಡಿಮೆಯಾದರೆ ಕೈಬೆರಳು ಉಳಿಯುವುದಿಲ್ಲ. ಕ್ಯಾಮೆರಾ ಜೊತೆಗೇ ಬಂದು ಎಲ್ಲರ ಬಳಿ ಇರುವ 18–55 ಕಿಟ್ ಲೆನ್ಸ್ 55ರ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆಗ ಕ್ಯಾಮೆರಾ ಐಎಸ್‌ಒವನ್ನು 12,800ಕ್ಕೆ ಒಯ್ಯುತ್ತದೆ ಅಂದುಕೊಳ್ಳೋಣ. ಚಿತ್ರದ ತುಂಬ ಮರಳು. ‘ನನ್ನ ಕ್ಯಾಮೆರಾಗೆ ರಾತ್ರಿ ಕಣ್ಣಿಲ್ಲ’ ಎಂದು ಹುಡುಗ ಫುಲ್ ಫ್ರೇಮ್ ಕಡೆ ನೋಡುತ್ತಾನೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಕ್ರಾಪ್ ಸೆನ್ಸರ್ ಹೆಚ್ಚುಕಡಿಮೆ 23.5×15.6 ಮಿ.ಮೀ. ವಿಸ್ತೀರ್ಣದಲ್ಲಿ ವ್ಯತ್ಯಾಸ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಲಾಭ ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ಸ್ವಲ್ಪ ಜಾಸ್ತಿ. ಅದರ ಬದಲು ಈಗಿನ ಬಾಡಿಗೇ 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ? 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಒಂಬತ್ತೂವರೆ ಪಟ್ಟಿಗೂ ಹೆಚ್ಚು ಬೆಳಕು, ಮೂರು ಸ್ಟಾಪ್ ದಾಟಿತು. 12,800 ಇದ್ದ ಐಎಸ್‌ಒ 1,300ರ ಹತ್ತಿರ ಬಂದು ನಿಲ್ಲುತ್ತದೆ. ಫುಲ್ ಫ್ರೇಮ್ ಬಾಡಿಯ ಬೆಲೆ ಲಕ್ಷದ ಆಸುಪಾಸಿನಿಂದ ಶುರು. 50 ಎಂಎಂ ಎಫ್ 1.8 ಹೆಚ್ಚಿನ ಕಂಪನಿಗಳದು ಹತ್ತರಿಂದ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಹೊಸ ಬಾಡಿ ಕೊಂಡು ಅದಕ್ಕೂ ಕಿಟ್ ಲೆನ್ಸನ್ನೇ ಸಿಕ್ಕಿಸುವವರಿಗೆ ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ದೊಡ್ಡ ಅಪರ್ಚರ್ ಪುಕ್ಕಟೆ ಬರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕ್ರಾಪ್ ಬಾಡಿಯಲ್ಲಿ 50 ಎಂಎಂ ಲೆನ್ಸಿನಿಂದ ಎರಡು ಮೀಟರ್ ದೂರದ ಮುಖಕ್ಕೆ ಎಫ್ 1.8ರಲ್ಲಿ ಫೋಕಸ್ ಮಾಡಿದರೆ ಚೂಪಾಗಿ ಬರುವ ಆಳ ಸುಮಾರು 11–12 ಸೆಂ.ಮೀ. ಮಾತ್ರ. ಒಬ್ಬರ ಮುಖಕ್ಕೆ ಸಾಕು. ಗಂಡು ಹೆಣ್ಣು ಒಬ್ಬರ ಹಿಂದೊಬ್ಬರು ಅರ್ಧ ಅಡಿ ಸರಿದು ನಿಂತರೆ ಒಬ್ಬರು ಮಸುಕು. ಬೀಗರ ಗುಂಪು ಎರಡು ಸಾಲಿನಲ್ಲಿ ನಿಂತಾಗ ಎಫ್ 1.8 ಇಟ್ಟುಕೊಂಡು ‘ಲೆನ್ಸ್ ಸರಿಯಿಲ್ಲ’ ಎನ್ನುವುದು ಸಾಮಾನ್ಯ ದೂರು. ಗುಂಪಿಗೆ 35 ಎಂಎಂ, ನಾಲ್ಕು ಮೀಟರ್ ದೂರ, ಎಫ್ 5.6. ಆಗ ಸುಮಾರು ಮೂರು ಮೀಟರ್ ಆಳ ಸಿಗುತ್ತದೆ, ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯೂ ಹಿಂದಿನ ಸಾಲಿನ ಅಳಿಯನೂ ಚೂಪಾಗಿ ಬರುತ್ತಾರೆ. ಫೋಕಸ್ ಮುಂದಿನ ಸಾಲಿನ ಮೇಲಿರಲಿ, ಆಳ ಹಿಂದಕ್ಕೆ ಹೆಚ್ಚು ಚಾಚುತ್ತದೆ. ಆಳ ಬೇಕೆಂದು ಎಫ್ 22ಕ್ಕೆ ಹೋದರೆ ಇನ್ನೊಂದು ತೊಂದರೆ: ಕಿರಿದಾದ ಕಿಂಡಿಯಂಚಿನಲ್ಲಿ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಇನ್ನು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ವಿಷಯ. ಕ್ಯಾಮೆರಾಗೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಸರಾಸರಿಯಲ್ಲಿ ಅದು ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಈಗಿನ ಕ್ಯಾಮೆರಾಗಳು ಒಂದಿಷ್ಟು ಬುದ್ಧಿವಂತವಾಗಿವೆ ನಿಜ, ಆದರೂ ಚೌಕಟ್ಟಿನ ತುಂಬ ಒಂದೇ ಬಣ್ಣ ಬಂದರೆ ಎಡವುತ್ತವೆ. ಮನೆಯಲ್ಲೇ ನೋಡಬಹುದು. ಬಿಸಿಲಿಲ್ಲದ ಜಗಲಿಯಲ್ಲಿ ಬಿಳಿ ಪಂಚೆ ಹರಡಿ ಚೌಕಟ್ಟು ತುಂಬಿಸಿ ಆಟೊದಲ್ಲಿ ತೆಗೆಯಿರಿ, ಅದು ಮಾಸಿದ ಬೂದಾಗಿ ಬರುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ, ಕಪ್ಪಾಗಿಸುವ ಗುಂಡಿ) ಪ್ಲಸ್ 1, ಆಮೇಲೆ ಪ್ಲಸ್ 1.3ಕ್ಕೆ ತನ್ನಿ, ಪಂಚೆ ಬಿಳಿಯಾಗುತ್ತದೆ. ಅದೇ ಜಾಗದಲ್ಲಿ ಕರಿ ಕಂಬಳಿ ಹರಡಿ. ಆಟೊದಲ್ಲಿ ಅದೂ ಬೂದು! ಮೈನಸ್ 1ರಿಂದ ಮೈನಸ್ 1.3ಕ್ಕೆ ಇಳಿಸಿದಾಗ ಕಂಬಳಿ ಕಂಬಳಿಯಾಗುತ್ತದೆ. ಕಬಿನಿಯಲ್ಲಿ ಹತ್ತಿರದಿಂದ ತೆಗೆದ ಆನೆ ಬೂದಿ ಬಳಿದುಕೊಂಡಂತೆ ಬರುವುದು, ಕಪ್ಪು ಪರದೆಯ ಮುಂದೆ ವೇಷಧಾರಿಯ ಮುಖ ಸುಣ್ಣ ಬಳಿದಂತೆ ಬರುವುದು ಇದೇ ಕಾರಣಕ್ಕೆ. ರಂಗದ ಮೇಲೆ ಸ್ಪಾಟ್ ಮೀಟರ್ ಹಾಕಿ ಮುಖದಿಂದ ಅಳತೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಮೈನಸ್ 1 ಇಟ್ಟು ಹಿಸ್ಟೊಗ್ರಾಂ (ಚಿತ್ರದಲ್ಲಿ ಕಪ್ಪು ಬಿಳುಪು ಎಷ್ಟೆಷ್ಟಿದೆ ಎಂದು ತೋರುವ ನಕ್ಷೆ) ನೋಡಬೇಕು. ಈ ಪಂಚೆ–ಕಂಬಳಿ ಅಭ್ಯಾಸಕ್ಕೆ ಒಂದು ಮಧ್ಯಾಹ್ನ ಸಾಕು. ಮೂರು ಲಕ್ಷದ ಕ್ಯಾಮೆರಾದಲ್ಲೂ ಈ ಗುಂಡಿ ಇದ್ದೇ ಇರುತ್ತದೆ, ಒತ್ತುವವರಿಗೆ ಅದು ಯಾಕಿದೆ ಎಂದು ಗೊತ್ತಿರಬೇಕು.

ಇನ್ನು ಬೆಳಕಿನ ದಿಕ್ಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಕಡೆ ಇಲ್ಲ. ಬೇಲೂರು, ಸೋಮನಾಥಪುರದ ಜೊತೆಗೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಕ್ಯಾಮೆರಾ ಹೊತ್ತು ಬರುವವರೂ ಹೆಚ್ಚಿದ್ದಾರೆ. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಹಿಂಭಾಗದ, ಅಂದರೆ ಪಶ್ಚಿಮದ ಗೋಡೆಯ ಉದ್ದಕ್ಕೂ ದೊಡ್ಡ ಮೂರ್ತಿಗಳ ಸಾಲಿದೆ. ಬಹಳ ಜನ ‘ಸಂಜೆ ಬೆಳಕು ಚಿನ್ನದಂತಿರುತ್ತದೆ’ ಎಂದು ಕೇಳಿಕೊಂಡು ಐದು ಗಂಟೆಗೆ ಆ ಗೋಡೆಯ ಮುಂದೆ ನಿಲ್ಲುತ್ತಾರೆ. ಬಣ್ಣ ಬರುತ್ತದೆ, ಶಿಲ್ಪ ಚಪ್ಪಟೆಯಾಗುತ್ತದೆ. ಆ ಹೊತ್ತಿಗೆ ಸೂರ್ಯ ಗೋಡೆಗೆ ನೇರ ಎದುರು. ಮೂರ್ತಿಯ ಮೂಗು, ಮೊಣಕಾಲು, ಆಭರಣದ ಮಣಿ ಯಾವುದಕ್ಕೂ ನೆರಳಿಲ್ಲ. ಡಿಸೆಂಬರ್–ಜನವರಿಯಲ್ಲಿ ಮಧ್ಯಾಹ್ನ ಒಂದರಿಂದ ಎರಡರವರೆಗೆ ಅದೇ ಗೋಡೆಯನ್ನು ನೋಡಿ. ಸೂರ್ಯ ದಕ್ಷಿಣಕ್ಕೆ ವಾಲಿ ಆಗಷ್ಟೇ ಪಶ್ಚಿಮದ ಕಡೆ ದಾಟಿರುತ್ತಾನೆ, ಬೆಳಕು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಕೊರೆದ ಪ್ರತಿ ಗೆರೆಗೂ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ‘ಮಧ್ಯಾಹ್ನ ಫೋಟೊ ತೆಗೆಯಬಾರದು’ ಎಂಬ ನಿಯಮ ಇಲ್ಲಿ ಉಲ್ಟಾ. ಮೇಲಾಗಿ ಗೋಡೆ ನೇರವಾಗಿಲ್ಲ, ಮಡಿಕೆ ಮಡಿಕೆಯಾಗಿ ಮುಂದೆ ಹಿಂದೆ ಹೋಗುತ್ತದೆ. ಒಂದು ಮೂರ್ತಿಗೆ ಓರೆ ಬೆಳಕು ಬಿದ್ದ ಹೊತ್ತಿಗೆ ಪಕ್ಕದ ಮಡಿಕೆಯದು ಇನ್ನೂ ನೆರಳಲ್ಲಿರುತ್ತದೆ. ಒಂದೇ ಕಡೆ ಒಂದು ಗಂಟೆ ನಿಂತು, ಒಂದೇ ಮೂರ್ತಿಯನ್ನು ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲೇ ತೆಗೆದು ಸಾಲಾಗಿ ಇಟ್ಟು ನೋಡಿದರೆ ತಿಳಿಯುವಷ್ಟು ಸಂಗತಿ ಮೆಗಾಪಿಕ್ಸೆಲ್ ಪಟ್ಟಿಯಿಂದ ತಿಳಿಯುವುದಿಲ್ಲ. ಒಳಗಿನ ನವರಂಗ ಕತ್ತಲು, ಸ್ಮಾರಕಗಳಲ್ಲಿ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಭುಜವನ್ನು ಗೋಡೆಗೆ ಒರಗಿಸಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ನಿಲ್ಲಿಸಿದಾಗ 1/15ರಲ್ಲಿ ನಾಲ್ಕೈದು ಸಲ ಒಟ್ಟಿಗೆ ತೆಗೆದರೆ ಒಂದಾದರೂ ಚೂಪಾಗಿ ಸಿಗುತ್ತದೆ. ಕಂಬದ ಕೆತ್ತನೆಗೆ ಒರಗುವುದು ಬೇಡ, ಶತಮಾನಗಳಿಂದ ಜನ ಒರಗಿಯೇ ಬಳಪದ ಕಲ್ಲು ಸವೆದಿರುವುದು ಕಾಣುತ್ತದೆ.

ಕಲ್ಯಾಣ ಮಂಟಪದ ಬೆಳಕು ಇದಕ್ಕಿಂತ ಕಷ್ಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು 1/250ರಲ್ಲಿ ತೆಗೆದ ಚಿತ್ರದಲ್ಲಿ ಅಡ್ಡ ಪಟ್ಟೆಯಾಗಿ, ಇಲ್ಲವೇ ಒಂದು ಚಿತ್ರ ಹಳದಿ ಮುಂದಿನದು ತೆಳು ಎಂಬಂತೆ ಬಣ್ಣ ಬದಲಾಗಿ ಕಾಣಿಸಿಕೊಳ್ಳುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ತಂದರೆ ಹೆಚ್ಚಿನ ಸಲ ಪಟ್ಟೆ ಹೋಗುತ್ತದೆ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡವರಿಗೆ ಪಟ್ಟೆ ಇನ್ನೂ ಹೆಚ್ಚು, ಯಾಕೆಂದರೆ ಅಗ್ಗದ ಬಾಡಿಗಳ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನವರೆಗೆ ಓದಿ ಮುಗಿಸಲು ತಡ ಮಾಡುತ್ತದೆ. ಮಂಟಪದಲ್ಲಿ ಮೆಕ್ಯಾನಿಕಲ್ ಶಟರೇ ಇರಲಿ. ರಂಗದ ಬಣ್ಣದ ದೀಪಗಳ ಮಿಣುಕು 100ರ ಲೆಕ್ಕಕ್ಕೆ ಸಿಗುವುದಿಲ್ಲ. ಕಾರ್ಯಕ್ರಮಕ್ಕೆ ಮೊದಲೇ 1/100, 1/125, 1/250ರಲ್ಲಿ ಬಿಳಿ ಬಟ್ಟೆಯೊಂದನ್ನು ತೆಗೆದು ನೋಡಿಕೊಳ್ಳುವುದು ಒಳಿತು.

ಫ್ಲ್ಯಾಶನ್ನು ಸೂರಿಗೆ ತಿರುಗಿಸಿ ಹೊಡೆಯುವ ಪಾಠವನ್ನು ಎಲ್ಲರೂ ಕಲಿತಿರುತ್ತಾರೆ. ಅದು ಹತ್ತು ಹನ್ನೆರಡು ಅಡಿ ಎತ್ತರದ, ಬಿಳಿ ಸುಣ್ಣ ಬಳಿದ ಸೂರಿಗೆ ಹೇಳಿದ ಪಾಠ. ಮನೆ ಮುಂದಿನ ಕೆಂಪು ಹಳದಿ ಶಾಮಿಯಾನಕ್ಕೆ ಹೊಡೆದರೆ ಬಟ್ಟೆಯ ಬಣ್ಣವೆಲ್ಲ ಮುಖದ ಮೇಲೆ ಇಳಿಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಸೀರೆ ಮತ್ತು ಚರ್ಮ ಎರಡನ್ನೂ ಒಟ್ಟಿಗೆ ಸರಿ ಮಾಡಲಾಗದು. ತಗಡಿನ ಸೂರಿನ ಎತ್ತರದ ಸಮುದಾಯ ಭವನದಲ್ಲಿ ಬೆಳಕು ವಾಪಸ್ಸೇ ಬರುವುದಿಲ್ಲ, ಬ್ಯಾಟರಿ ಮಾತ್ರ ಖಾಲಿಯಾಗುತ್ತದೆ. ಅಲ್ಲಿ ಐಎಸ್‌ಒ 800ರಿಂದ 1,600 ಇಟ್ಟು ಮಂಟಪದ ಬೆಳಕನ್ನೇ ಮುಖ್ಯವಾಗಿಸಿಕೊಂಡು, ಬಿಳಿ ಕಾರ್ಡ್ ಅಥವಾ ಡಿಫ್ಯೂಸರ್ ಹಾಕಿದ ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ತುಂಬಿಕೆಗೆ ಬಳಸಬೇಕು. ದೂರ ಎರಡು ಪಟ್ಟಾದರೆ ಫ್ಲ್ಯಾಶ್ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಮುಂದೆ ಕೂತ ಮದುಮಗಳು ಬೆಳ್ಳಗೆ ಸುಟ್ಟು, ಹಿಂದೆ ನಿಂತ ಮಾವನವರು ಕತ್ತಲಲ್ಲಿ ಕರಗುವುದಕ್ಕೆ ಬೇರೆ ಕಾರಣವಿಲ್ಲ.

ಹಾಗಾದರೆ ದುಬಾರಿ ಕ್ಯಾಮೆರಾ ಬೇಡವೇ? ಬೇಕು, ಕೆಲವು ಕೆಲಸಕ್ಕೆ ಅದಿಲ್ಲದೆ ಆಗುವುದೇ ಇಲ್ಲ. ‘ಕಣ್ಣೇ ಮುಖ್ಯ’ ಎನ್ನುವವರು ಮುಚ್ಚಿಡುವ ಭಾಗ ಇದು. ಕೂಲಿ ಪಡೆದು ಮದುವೆ ತೆಗೆಯುವವರಿಗೆ ಎರಡು ಮೆಮೊರಿ ಕಾರ್ಡ್ ಹಾಕುವ ಬಾಡಿ ಶೋಕಿಯಲ್ಲ. ಧಾರೆ ಎರೆಯುವುದು, ತಾಳಿ ಕಟ್ಟುವುದು ಮತ್ತೆ ನಡೆಯುವುದಿಲ್ಲ. ಕಾರ್ಡ್ ಕೈಕೊಟ್ಟರೆ ಇನ್ನೊಂದರಲ್ಲಿ ಪ್ರತಿ ಇರಲೇಬೇಕು. ಹಾರುವ ಹಕ್ಕಿಗೂ ಹೊಸ ಬಾಡಿಗಳ ಫೋಕಸ್ ನಿಜವಾಗಿ ನೆರವಾಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಗೂಡಿನ ಕೊಕ್ಕರೆಯನ್ನು ತೆಗೆಯಲು ಕ್ರಾಪ್ ಬಾಡಿ, 70–300 ಲೆನ್ಸ್ ಸಾಕು. ದೋಣಿ ತೂಗುವುದರಿಂದ ಟ್ರೈಪಾಡ್ ಉಪಯೋಗಕ್ಕಿಲ್ಲ, 1/1000ಕ್ಕಿಂತ ಮೇಲಿದ್ದರಾಯಿತು. ಅದೇ ನೀರಿನ ಮೇಲೆ ಸರ್ರನೆ ತಿರುಗುವ ರೀವ ಹಕ್ಕಿಯ ಕಣ್ಣನ್ನು ಬೆನ್ನಟ್ಟಿ ಹಿಡಿಯುವುದು ಹಳೆಯ ಒಂಬತ್ತು ಬಿಂದುಗಳ ಫೋಕಸಿಗೆ ಆಗದ ಮಾತು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಆಟೋಫೋಕಸ್ ಬರುವುದಕ್ಕೆ ಎಷ್ಟೋ ಮೊದಲೇ ವನ್ಯಜೀವಿ ಚಿತ್ರಗಳಿಗೆ ಹೆಸರಾಗಿದ್ದರಲ್ಲ ಎನ್ನಬಹುದು. 1985ರಲ್ಲಿ ಮಿನೋಲ್ಟಾ 7000 ಬರುವವರೆಗೆ ಎಸ್‌ಎಲ್‌ಆರ್‌ಗಳಲ್ಲಿ (ಕನ್ನಡಿ ಇರುವ ಕ್ಯಾಮೆರಾ) ಕೈಯಿಂದ ಫೋಕಸ್ ತಿರುಗಿಸುವುದೇ ರೂಢಿ, ಫಿಲ್ಮ್ ರೋಲಿಗೆ 36 ಚಿತ್ರ. ಆ ಪೀಳಿಗೆ ಹಕ್ಕಿ ಎಲ್ಲಿ ಬಂದು ಕೂರುತ್ತದೆಂದು ಮೊದಲೇ ತಿಳಿದು ಅಲ್ಲಿಗೆ ಫೋಕಸ್ ಇಟ್ಟು ಕಾಯುತ್ತಿತ್ತು. ಈಗಲೂ ಅದನ್ನು ಬಲ್ಲವನ ಕೈಗೆ ಬಂದಾಗಲೇ ಹೊಸ ಬಾಡಿ ಕೆಲಸ ಕೊಡುತ್ತದೆ. ಮಳೆಗಾಲದ ಮಲೆನಾಡಿಗೆ ಸೀಲ್ ಮಾಡಿದ ಬಾಡಿ ಒಳ್ಳೆಯದು. ಆದರೆ ಲೆನ್ಸಿನ ಹಿಂಬದಿಯ ಲೋಹದ ಉಂಗುರಕ್ಕೆ ರಬ್ಬರ್ ಪಟ್ಟಿ ಇಲ್ಲದಿದ್ದರೆ ನೀರು ಆ ಸಂದಿಯಿಂದಲೇ ಇಳಿಯುತ್ತದೆ, ಬಾಡಿಯ ಸೀಲಿಗೆ ಕೊಟ್ಟ ಹಣ ದಂಡ.

ಬ್ಯಾಟರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ ಎಂಟುನೂರರಿಂದ ಸಾವಿರದ ಮೇಲೆ ಚಿತ್ರ ಕೊಡುತ್ತಿತ್ತು, ಅದೇ ದರ್ಜೆಯ ಮಿರರ್‌ಲೆಸ್ ಸಾಮಾನ್ಯವಾಗಿ ಮುನ್ನೂರರಿಂದ ಐನೂರು. ಮದುವೆಗೆ ಮೂರು ಬ್ಯಾಟರಿ ಇಲ್ಲದೆ ಹೋಗುವಂತಿಲ್ಲ.

ಹಳೆಯದನ್ನು ಕೊಳ್ಳುವುದು ಕಲಿಯುವವರಿಗೆ ಒಳ್ಳೆಯ ದಾರಿ ಎಂದೇ ನನ್ನ ಅಭಿಪ್ರಾಯ, ನೋಡಿ ಕೊಳ್ಳುವುದಾದರೆ. ಆರಂಭಿಕ ಬಾಡಿಗಳ ಶಟರಿಗೆ ಸುಮಾರು ಒಂದು ಲಕ್ಷ, ನಡುದರ್ಜೆಯವಕ್ಕೆ ಒಂದೂವರೆ ಎರಡು ಲಕ್ಷ ಸಲದ ಆಯುಸ್ಸನ್ನು ತಯಾರಕರು ಅಂದಾಜಿಸುತ್ತಾರೆ. ಎರಡು ದಿನದ ಮದುವೆಯಲ್ಲಿ ಮೂರು ನಾಲ್ಕು ಸಾವಿರ ಸಲ ಒತ್ತುವುದು ಮಾಮೂಲು, ಮೂವತ್ತು ಮದುವೆಗೆ ಲಕ್ಷ ದಾಟುತ್ತದೆ. ನಿಕಾನ್ ಚಿತ್ರದ ಫೈಲಿನೊಳಗೇ ಈ ಎಣಿಕೆ ಇರುತ್ತದೆ, ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಬೇರೆ ಸಾಫ್ಟ್‌ವೇರ್ ಬೇಕು. ಲೆನ್ಸನ್ನು ಎಫ್ 16ಕ್ಕೆ ಇಟ್ಟು ಖಾಲಿ ಆಕಾಶ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಧೂಳು ಹೋಗುತ್ತದೆ, ಗೀರಾಗಿದ್ದರೆ ಹೋಗುವುದಿಲ್ಲ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಬೂಷ್ಟು ಜೇಡರ ಬಲೆಯಂಥ ಎಳೆಗಳಾಗಿ ಕಾಣಿಸುತ್ತದೆ. ಅಂಥ ಲೆನ್ಸ್ ಅರ್ಧ ಬೆಲೆಗೂ ಬೇಡ. ಅದು ಗಾಜಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಸಿಗುವ ಹೊಸ ಬಾಡಿಗೆ ಇಲ್ಲಿ ವಾರಂಟಿ ಸಿಗುವುದಿಲ್ಲ. ಉಳಿದದ್ದು ಶೇ 18ರ ಜಿಎಸ್‌ಟಿ ಇರಬಹುದು, ರಿಪೇರಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಲೆನ್ಸ್–ಬಾಡಿ ಹೊಂದಾಣಿಕೆಯಲ್ಲಿ ಮೋಸ ಹೋಗುವವರು ಹೆಚ್ಚು, ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು, ತನ್ನೊಳಗೂ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಿಂದಲೇ ತಿರುಗಿಸಬೇಕು. ಅವನ್ನು ನಿಕಾನ್‌ನದೇ ಅಡಾಪ್ಟರ್ ಮೂಲಕ ಅದರ ಮಿರರ್‌ಲೆಸ್ ಝಡ್ ಬಾಡಿಗೆ ಹಾಕಿದರೂ ಅಷ್ಟೇ. ಕ್ಯಾನನ್‌ನ ಕ್ರಾಪ್ ಬಾಡಿಗೆಂದು ಮಾಡಿದ ಇಎಫ್-ಎಸ್ ಲೆನ್ಸ್ ಅದರ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಸೋನಿಯಲ್ಲಿ ಕ್ರಾಪ್ ಲೆನ್ಸ್ ಫುಲ್ ಫ್ರೇಮಿಗೆ ಕೂರುತ್ತದೆ, ಆದರೆ 24 ಮೆಗಾಪಿಕ್ಸೆಲ್ ಇದ್ದದ್ದು ಹತ್ತರ ಹತ್ತಿರಕ್ಕೆ ಇಳಿಯುತ್ತದೆ. ‘ಮುಂದೆ ಫುಲ್ ಫ್ರೇಮ್ ಕೊಳ್ಳುತ್ತೇನೆ, ಲೆನ್ಸ್ ಅದಕ್ಕೂ ಆಗುತ್ತದೆ’ ಎಂಬ ಯೋಜನೆ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಒಂದು ಲಕ್ಷ ರೂಪಾಯಿ ಇದೆ ಎನ್ನುವವರು ಅಷ್ಟನ್ನೂ ಬಾಡಿಗೆ ಸುರಿಯುವ ಬದಲು, ಕ್ರಾಪ್ ಬಾಡಿಯೊಂದನ್ನು ಕಿಟ್ ಲೆನ್ಸ್ ಸಮೇತ ಮೂವತ್ತು ನಲವತ್ತು ಸಾವಿರದೊಳಗೆ ಹಳೆಯದಾಗಿ ಹಿಡಿದು, 50 ಎಂಎಂ ಎಫ್ 1.8, ಒಂದು ಫ್ಲ್ಯಾಶ್, ಹೆಚ್ಚುವರಿ ಬ್ಯಾಟರಿ, ಎರಡು ಒಳ್ಳೆಯ ಕಾರ್ಡ್, ತೇವ ತಡೆಯುವ ಪೆಟ್ಟಿಗೆ ಕೊಂಡರೂ ಕೈಯಲ್ಲಿ ದುಡ್ಡು ಉಳಿಯುತ್ತದೆ. ಉಳಿದದ್ದು ಬಸ್ ಚಾರ್ಜಿಗೆ, ಪ್ರಿಂಟಿಗೆ.

ತೇವದ ಪೆಟ್ಟಿಗೆ ಎಂದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬಟ್ಟೆಯ ಬೀರುವಿನಲ್ಲೋ ಅದರದೇ ಚೀಲದಲ್ಲೋ ಇಟ್ಟರೆ ಬೂಷ್ಟು ಖಚಿತ. ತೇವಾಂಶ ಶೇ 60 ದಾಟಿದರೆ ಅದು ಬೆಳೆಯತೊಡಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಕೆಲವು ನೂರು ರೂಪಾಯಿಯ ತೇವಮಾಪಕ, ಕಾಲು ಕೆ.ಜಿ. ಸಿಲಿಕಾ ಜೆಲ್ ಇದ್ದರೆ ಶೇ 40ರಿಂದ 50ರಲ್ಲಿ ಹಿಡಿದಿಡಬಹುದು. ಶೇ 30ಕ್ಕಿಂತ ಕೆಳಗಿಳಿಸಿದರೆ ರಬ್ಬರ್ ಬಿರಿಯುತ್ತದೆ. ನೀಲಿ ಹರಳು ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣಕ್ಕೆ ಬಳಸುವುದು ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಅಕ್ಕಿ ಡಬ್ಬಿಯಲ್ಲಿ ಹುದುಗಿಸುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ, ಅದರಿಂದ ಲೆನ್ಸಿನ ಸಂದಿಗೆ ಹಿಟ್ಟು ಸೇರುವುದಷ್ಟೇ ಲಾಭ.

ಅಭ್ಯಾಸಕ್ಕೆ ಎರಡೇ ಮಾತು. ಜೂಮ್ ರಿಂಗಿಗೆ 35 ಎಂಎಂನಲ್ಲಿ ಟೇಪ್ ಸುತ್ತಿ ಒಂದು ತಿಂಗಳು ಬಿಚ್ಚದಿದ್ದರೆ ಚೌಕಟ್ಟು ಸರಿ ಮಾಡಲು ಕಾಲು ಓಡುತ್ತದೆ, ಎಷ್ಟು ದೂರದಿಂದ ಎಷ್ಟು ಬರುತ್ತದೆಂಬುದು ಕ್ಯಾಮೆರಾ ಎತ್ತುವ ಮೊದಲೇ ತಿಳಿಯತೊಡಗುತ್ತದೆ. ಇನ್ನೊಂದು, ಊರಿನ ರಸ್ತೆ ಬದಿ ನಿಂತು 1/30ರಲ್ಲಿ ಬಸ್ಸಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು: ಬಸ್ಸಿನ ಬೋರ್ಡ್ ಓದಲು ಬಂದು ಹಿಂದಿನ ಅಂಗಡಿಗಳು ಗೆರೆಯಾಗುವವರೆಗೆ. ಫೋನಿನಲ್ಲೂ ಪ್ರೊ ಮೋಡ್ ಇದ್ದರೆ ಶಟರ್, ಐಎಸ್‌ಒ ಕಲಿಯಬಹುದು; ಅಪರ್ಚರ್ ಬಹುತೇಕ ಫೋನುಗಳಲ್ಲಿ ಬದಲಾಗುವುದಿಲ್ಲ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋಗಿ ಮುಖ ತೆಗೆದರೆ ಮೂಗು ದೊಡ್ಡದಾಗುತ್ತದೆ, ಒಂದೂವರೆ ಮೀಟರ್ ಹಿಂದೆ ಸರಿದು 2ಎಕ್ಸ್ ಬಳಸಬೇಕು.

ಮೆಗಾಪಿಕ್ಸೆಲ್ ಮೋಹಕ್ಕೆ ಪ್ರಿಂಟೇ ಉತ್ತರ. 24 ಮೆಗಾಪಿಕ್ಸೆಲ್ ಅಂದರೆ 6000×4000 ಚುಕ್ಕಿ. ಇಂಚಿಗೆ 300ರಂತೆ 20×13 ಇಂಚಿನ ಪ್ರಿಂಟ್. ಕಲರ್ ಲ್ಯಾಬಿನಲ್ಲಿ ಸಿಗುವ 12×18ಕ್ಕೆ ಅದು ಧಾರಾಳ. ಪ್ರಿಂಟ್ ಕಪ್ಪಾಗಿ ಬಂತೆಂದು ಲ್ಯಾಬಿನವರ ಜೊತೆ ಜಗಳ ತೆಗೆಯುವ ಮೊದಲು ಮಾನಿಟರ್ ನೋಡಬೇಕು. ಪರದೆಯ ಬೆಳಕನ್ನು ಪೂರ್ತಿ ಏರಿಸಿ ಎಡಿಟ್ ಮಾಡಿದ ಚಿತ್ರ ಕಾಗದದ ಮೇಲೆ ಕಪ್ಪಾಗಿಯೇ ಬರುತ್ತದೆ. ಅರ್ಧಕ್ಕೆ ಇಳಿಸಿ ಮಾಡಿದ್ದು ಸರಿ ಹೊಂದುತ್ತದೆ.

ಕೊನೆಯದಾಗಿ ಪತ್ರಿಕೆಗೇ ಒಂದು ಮನವಿ. ಪತ್ರಿಕೆಯ ಕಾಗದದ ಮೇಲೆ ಆರು ಇಂಚು ಅಗಲದ ಚಿತ್ರಕ್ಕೆ ಇಂಚಿಗೆ 200ರಂತೆ 1200 ಚುಕ್ಕಿ ಸಾಕು. ಅಂದಮೇಲೆ ಓದುಗರ ಚಿತ್ರಗಳ ಕೆಳಗೆ ಕ್ಯಾಮೆರಾದ ಹೆಸರು ಅಚ್ಚು ಹಾಕುವುದರಿಂದ ಓದುಗರಿಗೆ ಸಿಗುವುದು ಜಾಹೀರಾತು ಮಾತ್ರ. ಅದರ ಬದಲು ಫೋಕಲ್ ಲೆಂತ್, ಅಪರ್ಚರ್, ಶಟರ್ ವೇಗ, ಐಎಸ್‌ಒ, ತೆಗೆದ ಹೊತ್ತು ಹಾಕಿ. ಮೊದಲ ನಾಲ್ಕು ಫೈಲಿನಲ್ಲೇ ಇರುತ್ತವೆ. ಹೊತ್ತೂ ಇರುತ್ತದೆ, ಕ್ಯಾಮೆರಾದ ಗಡಿಯಾರ ಸರಿಯಿದ್ದರೆ. ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದಲ್ಲಿ ಈ ಮಾಹಿತಿ ಅಳಿಸಿಹೋಗಿರುತ್ತದೆ, ಚಿತ್ರವೂ ಕುಗ್ಗಿರುತ್ತದೆ. ಹಾಗಾಗಿ ಇಮೇಲಿನಲ್ಲಿ, ಇಲ್ಲವೇ ವಾಟ್ಸ್ಆ್ಯಪಿನಲ್ಲೇ ‘ಡಾಕ್ಯುಮೆಂಟ್’ ಆಗಿ ಮೂಲ ಫೈಲನ್ನೇ ಕಳಿಸಬೇಕೆಂದು ಓದುಗರಿಂದ ಚಿತ್ರ ಕೇಳುವ ಪ್ರಕಟಣೆಯಲ್ಲೇ ಸೇರಿಸಿದರೆ ಉಪಕಾರವಾಗುತ್ತದೆ.

ಇಂತಿ,
ಛಾಯಾಗ್ರಹಣ ಕಲಿಸುವ ಒಬ್ಬ ಓದುಗ
ಹಾಸನ